ಎದುರು ದಂಡೆಯ ಕೆಂಪು ಸೀರೆ

ಹೂಮಾಲೆಯ ತುದಿಗೆ ಹಾಕುವ ಗಂಟಿಗೆ ನನ್ನ ತವರಿನ ಕಡೆ ಒಂದು ಮಾತಿತ್ತು. ಕಡೆಗಂಟೋ, ಕೊಡಗಂಟೋ... ನಾಲಿಗೆಯವರೆಗೆ ಬಂದು ಜಾರುತ್ತದೆ. ಕೇಳೋಣವೆಂದರೆ ಇಲ್ಲಿ ಆ ಸೀಮೆಯವರು ಯಾರೂ ಇಲ್ಲ. ಇರಲಿ ಪುಟ್ಟಿ, ಕಥೆ ಹೇಳುತ್ತ ಹೋದರೆ ಸಿಕ್ಕೀತು.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಗುರು ಚೆನ್ನವೀರಯ್ಯ. ಶಿಷ್ಯ ಈರಪ್ಪ ಮೊದಲು ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ಊರವರ ಹಳೆಯ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಡುವುದು ಅವನ ಸೇವೆ.

ಒಂದು ಬೆಳಿಗ್ಗೆ ಎದುರು ದಂಡೆಯ ಫಕೀರವ್ವ ಮೂರನೆಯ ಸಲ ದೋಣಿ ಇಳಿದು ಬಂದಳು. ಅವನೇ ಬರೆದುಕೊಟ್ಟ ಡಿವಿಡಿಯನ್ನು ಈರಪ್ಪನ ಮುಂದಿಟ್ಟಳು.

"ನಮ್ಮಪ್ಪ ನಿಮ್ಮಲ್ಲಿ ನಗತಾನ, ನಮ್ಮನಿಗೆ ಬಂದ್ರ ಮುಖಾನ ತೋರಸೂದಿಲ್ಲ. ಬದುಕಿದ್ದಾಗ ಇಷ್ಟು ಸಿಟ್ಟಿರಲಿಲ್ಲ ನೋಡ್ರಿ ಅವಗ."

ಈರಪ್ಪ ನಗಲಿಲ್ಲ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ಫಕೀರವ್ವನ ಮದುವೆ. ಚಪ್ಪರದ ಕೆಳಗೆ ಅವಳ ಅಪ್ಪ ನಗುತ್ತಿದ್ದ.

"ಇಲ್ಲಿ ಬರತೈತಲ್ಲವ್ವಾ!"

"ನಮ್ಮವ್ವ ಇಲ್ಲಿಲ್ಲಲ್ಲೋ. ಹಾಸಿಗಿ ಬಿಟ್ಟು ಏಳಾಂಗಿಲ್ಲ ಆಕಿ. ಕಣ್ಣು ದಿನಾ ಇಷ್ಟಿಷ್ಟು ಮಂಜಾಗಾಕತ್ತಾವ. ಡಾಕ್ಟರು ಇನ್ನ ಎಂಟು ದಿನ ಕಂಡೀತು ಅಂದಾರ. ನಿನ್ನೆ ನನ್ನ ಸೀರಿ ಬಣ್ಣ ಕೇಳಿದಳು."

ಈರಪ್ಪ ಎದ್ದ. ಗುರುವಿನ ಬಳಿಗೆ ಓಡಿದ. ಗುರು ಕಟ್ಟೆಯ ಮೇಲೆ ಕೂತು ಸೂಜಿಯಿಂದ ಕಣಗಿಲೆ ಹೂ ಪೋಣಿಸುತ್ತಿದ್ದ.

"ಅಜ್ಜಾರ, ಡಿಸ್ಕ್ ಬದಲಿಸಿದೆ. ಬರೆಯೂ ವೇಗ ಹದಿನಾರರಿಂದ ನಾಲ್ಕಕ್ಕ ಇಳಿಸಿದೆ. ಅವರ ಪ್ಲೇಯರಿನ ಕಣ್ಣೂ ಒರೆಸಿ ಬಂದೆ. ಮತ್ತೇನು ಮಾಡಲಿ?"

"ಬರೆದಾದ ಮ್ಯಾಲ ಯಂತ್ರ ಏನಂತದ?"

"'ಡಿಸ್ಕ್ ಮುಚ್ಚಲೇ?' ಅಂತ ಕೇಳತದ."

"ನೀ ಏನಂತಿ?"

"'ಬ್ಯಾಡ' ಅಂತೀನಿ. ಮುಚ್ಚಿದ್ರ ಮತ್ತ ಏನೂ ಸೇರಿಸಾಕ ಬರೂದಿಲ್ಲ. ಒಂದು ತುಣುಕು ಉಳಿದಿದ್ರ? ತಪ್ಪು ಕಂಡ್ರ?"

ಗುರು ಕೊನೆಯ ಹೂ ಪೋಣಿಸಿ, ದಾರದ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ.

"ಹೆಂಗೈತಿ ಮಾಲಿ?"

"ಚಂದೈತ್ರಿ."

"ತಗೋ. ಆ ಅವ್ವಗ ಕೊಡು."

ಈರಪ್ಪ ಕೈಗೆ ತೆಗೆದುಕೊಂಡ. ತುದಿಗೆ ಗಂಟಿಲ್ಲದ ದಾರದಿಂದ ಹೂವೆಲ್ಲ ಜಾರಿ ಕಟ್ಟೆಯ ಮೇಲೆ ಬಿದ್ದವು. ಅವನ ಬೆರಳಲ್ಲಿ ಬರೀ ದಾರ ಉಳಿಯಿತು.

"ನನ್ನ ಕೈಯಾಗ ಇದ್ದಾಗ ಚಂದಿತ್ತಲ್ಲ" ಎಂದ ಗುರು.

ಈರಪ್ಪ ಬಾಗಿದವನು ಹೂ ಆರಿಸಲಿಲ್ಲ. ಎದ್ದು ಒಳಗೆ ಓಡಿದ.

ಹೊಸದು ಬರೆಯಲಿಲ್ಲ. ಅದೇ ಡಿಸ್ಕ್, ಮುಚ್ಚದೆ ಬಿಟ್ಟದ್ದಕ್ಕೆ ಬರೆದ ಯಂತ್ರದಲ್ಲಷ್ಟೇ ಓಡುತ್ತಿದ್ದದ್ದು. ಯಂತ್ರ ಕೇಳಿತು. ಅವನ ಬೆರಳು 'ಹೌದು' ಎಂಬುದರ ಮೇಲೆ ಹೋಗಿ ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು. ಹೊರಗೆ ಅಂಬಿಗ ಕೂಗುತ್ತಿದ್ದ. ಕಣ್ಣು ಮುಚ್ಚಿ ಒತ್ತಿದ.

"ನಮ್ಮಪ್ಪ ಮುಖ ತೋರಿಸಿದ್ರ ಮಾಳಿಗಿ ಮ್ಯಾಲ ಕೆಂಪು ಸೀರಿ ಹಾಕತೀನಿ, ನೋಡಕೊಂತಿರು. ಇಲ್ಲಾಂದ್ರ ನಾನೇ ಬರತೀನಿ, ಬಡಿಗಿ ಹಿಡಕೊಂಡು" ಎಂದು ಫಕೀರವ್ವ ದೋಣಿ ಹತ್ತಿದಳು.

ಮಧ್ಯಾಹ್ನವಾಯಿತು. ಎದುರು ದಂಡೆಯ ಮಾಳಿಗೆ ಬರಿದಾಗಿತ್ತು. ಈರಪ್ಪ ಊಟ ಮಾಡಲಿಲ್ಲ. ಬಿಸಿಲು ಇಳಿಯಿತು. ಮಾಳಿಗೆಯ ಮೇಲೆ ಒಂದು ಕಾಗೆ ಬಂದು ಕೂತಿತು, ಹೋಯಿತು. ಗುರು ಮತ್ತೆ ಹೂ ಪೋಣಿಸುತ್ತಿದ್ದ.

"ಅಜ್ಜಾರ, ದೋಣಿ ಮುಳುಗಿತೇನು?"

"ಅಂಬಿಗ ಆಗಲೇ ತಿರುಗಿ ಬಂದು ಬೀಡಿ ಸೇದಾಕತ್ತಾನ, ನೋಡಲ್ಲೆ."

ಹೊತ್ತು ಮುಳುಗುವ ಹೊತ್ತಿಗೆ ಮಾಳಿಗೆಯ ಮೇಲೆ ಏನೋ ಅಲುಗಿತು. ಬಿಚ್ಚಿಕೊಂಡಿತು. ಕೆಂಪು.

ಈರಪ್ಪ ದಂಡೆಯ ಮರಳಲ್ಲಿ ಕೂತ. ಆಮೇಲೆ ಮುಖ ಬಾಡಿತು.

"ಅಜ್ಜಾರ, ಅವರಪ್ಪ ನಗೂ ಜಾಗದಾಗ ದನಿ ಒಂದು ಚೂರು ತಡಾಗಿ ಬರತದ. ಈಗ ನೆನಪಾತು. ನಾಳೆ ಹೋಗಿ ಡಿಸ್ಕ್ ವಾಪಸ್ ತರಲ್ಯಾ? ಸರಿ ಮಾಡಿ..."

ಹಾಂ, ಆ ಮಾತು ಸಿಕ್ಕಿತು! ಪುಟ್ಟಿ, ಪೆನ್ನು ತಗೋ. ಮತ್ತೆ ಮರೆತೇನು. ಆ ಗುರು ತನ್ನ ಮಾಲೆಯಿಂದ ತಲೆಯೆತ್ತದೆ ಅಂದದ್ದನ್ನು ಹಾಗೆಯೇ ಬರೆದುಕೋ:

"ಕುಡಿಗಂಟು ಬಿತ್ತಲ್ಲೋ ತಮ್ಮಾ. ಇನ್ನ ದಾರ ಕತ್ತರಿಸು."