ಹೆಗ್ಗಣಯ್ಯನ ಮುಹೂರ್ತ

ಅಕ್ಕಿ ಗಿರಣಿಯ ಗೋಡೆ ಬುಡದಲ್ಲಿ ಹೆಗ್ಗಣಯ್ಯನಿಗೆ ಒಂದು ಬಾಡಿಗೆ ಬಿಲವಿತ್ತು. ಅದರಲ್ಲಿದ್ದವಳು ಸುಂಡಿಲಿ ತಾಯಕ್ಕ. ಬಾಗಿಲ ಮಣ್ಣು ಕುಸಿಯುತ್ತಿದೆ, ಸೂರಿನದು ಉದುರುತ್ತಿದೆ ಎಂದು ಅವಳು ಹೇಳಿದಾಗಲೆಲ್ಲ ಹೆಗ್ಗಣಯ್ಯನದು ಒಂದೇ ರಾಗ: "ಆಷಾಢದಲ್ಲಿ ಮನೆಗೆ ಕೈ ಹಾಕಬಾರದು ಕಣಮ್ಮ. ಸ್ವಲ್ಪ ಅನುಸರಿಸಿಕೊಂಡು ಹೋಗು." ಆಷಾಢ ಮುಗಿದರೆ ಪಿತೃಪಕ್ಷ, ಅದೂ ಮುಗಿದರೆ ಧನುರ್ಮಾಸ.

ಧನುರ್ಮಾಸದ ಒಂದು ಬೆಳಗ್ಗೆ ತಾಯಕ್ಕ ಹುಗ್ಗಿ ಮಾಡಿದಳು. ಘಮ ಮೂಗಿಗೆ ಬಡಿದದ್ದೇ ತಡ, ಹೆಗ್ಗಣಯ್ಯ ಕರೆಯದೆ ಬಂದು, ಪಾತ್ರೆಯ ತಳ ಕಾಣುವವರೆಗೆ ಉಂಡು ಹೊರಟ. ಬಾಗಿಲು ದಾಟುವಾಗ ಮಣ್ಣು ದೊಪ್ಪನೆ ಕುಸಿಯಿತು. ತಲೆ ಹೊರಗೆ, ಬಾಲ ಒಳಗೆ, ಹೊಟ್ಟೆ ನಡುವೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಗಿರಣಿಯ ಬೆಕ್ಕು ಎಲ್ಲೋ ಮಿಯಾಂವ್ ಎಂದಿತು.

"ತಾಯಕ್ಕಾ, ಮಣ್ಣು ಕೆದಕು, ಬೇಗ!"

"ಧನುರ್ಮಾಸ ಅಲ್ಲವೇ ಯಜಮಾನರೇ? ಮನೆಗೆ ಕೈ ಹಾಕಬಾರದು. ಸಂಕ್ರಾಂತಿವರೆಗೆ ಸ್ವಲ್ಪ ಅನುಸರಿಸಿಕೊಳ್ಳಿ," ಎಂದಳು ತಾಯಕ್ಕ. ಆ ಬಾಗಿಲು ಅಷ್ಟು ಭದ್ರವಾಗಿ ಮುಚ್ಚಿದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಧನುರ್ಮಾಸ ಹಾಳಾಗಲಿ! ಈಗಲೇ ಒಳ್ಳೆ ಮುಹೂರ್ತ!"

"ಬಾಗಿಲಿಗೆ ಮಾತ್ರವೋ, ಸೂರಿಗೂ ಉಂಟೋ?"

ಬೆಕ್ಕಿನ ದನಿ ಹತ್ತಿರವಾಯಿತು.

"ಸೂರಿಗೂ, ಗೋಡೆಗೂ, ನಿನ್ನ ಒಲೆಗೂ ಉಂಟು ಕಣಮ್ಮ!"

ತಾಯಕ್ಕ ಮಣ್ಣು ಕೆದಕಿ, ಬಾಲ ಹಿಡಿದು ಯಜಮಾನನನ್ನು ಒಳಗೆಳೆದುಕೊಂಡಳು. ಬೆಕ್ಕು ಮೂತಿ ತೂರಿಸುವ ಮೊದಲೇ ಹೆಗ್ಗಣಯ್ಯ ಬಾಗಿಲಿಗೆ ಮಣ್ಣು ಮೆತ್ತಿ ಮುಗಿಸಿದ್ದ. ಬೆಕ್ಕು ಹೊರಗೇ ಕಾದು ಕೂತಿತು. ಒಳಗೆ ಸೂರಿನ ಮಣ್ಣು ಅವನ ನೆತ್ತಿಯ ಮೇಲೆ ಉದುರಿತು. ಯಾರೂ ಹೇಳದೆಯೇ ಅವನು ಎದ್ದು ಅದನ್ನೂ ಮೆತ್ತತೊಡಗಿದ.