ಅರಗಿಲ್ಲದ ಎಲೆ

ಕೆರೆಯ ಆಮೆಯಜ್ಜಿ ದಿನವೂ ಒಂದು ಅರಳಿ ಎಲೆಯ ಮೇಲೆ ‘ಇದ್ದೇನೆ’ ಎಂದು ಗೀಚಿ, ಗುಡ್ಡದಾಚೆಯ ಬಾವಿಯಲ್ಲಿದ್ದ ಅಕ್ಕನಿಗೆ ಪಾರಿವಾಳದ ಮೂಲಕ ಕಳಿಸುತ್ತಿದ್ದಳು. ಒಂದು ಬೆಳಿಗ್ಗೆ ಪಾರಿವಾಳ ಎಲೆಯನ್ನು ಮುಟ್ಟಲಿಲ್ಲ.

“ಇನ್ನು ಮೇಲೆ ಅರಗಿನ ಮುದ್ರೆ ಒತ್ತಿದ ಓಲೆ ಮಾತ್ರ ಒಯ್ಯುತ್ತೇನೆ, ಅಜ್ಜಿ. ತೆರೆದ ಎಲೆಯನ್ನು ದಾರಿಯಲ್ಲಿ ಯಾರು ಬೇಕಾದರೂ ಓದಿಬಿಡುತ್ತಾರೆ. ನಿಮ್ಮ ಗುಟ್ಟು ಕಾಯುವುದು ನನ್ನ ಕರ್ತವ್ಯ.”

“ನನಗೆ ಗುಟ್ಟೇ ಇಲ್ಲವಲ್ಲಪ್ಪ. ಮುದ್ರೆ ಒಡೆಯಲು ಅಕ್ಕನಿಗೆ ಬರುವುದೂ ಇಲ್ಲ.”

“ಕಲಿಯಲಿ,” ಎಂದು ಪಾರಿವಾಳ ವಿನಯದಿಂದಲೇ ಹಾರಿಹೋಯಿತು.

ತಂಗಿ ಸತ್ತಳೆಂದೇ ಅಕ್ಕ ತಿಳಿಯುತ್ತಾಳೆ ಎಂದು ಅಜ್ಜಿ ಎರಡು ದಿನ ಮೇವು ಮುಟ್ಟಲಿಲ್ಲ. ಮೂರನೆಯ ದಿನ ಗುಡ್ಡದ ಕಾಗೆ, ಅಳಿಲು, ಓತಿಕ್ಯಾತ ಏದುಸಿರು ಬಿಡುತ್ತ ಬಂದವು.

“ಎರಡು ದಿನದಿಂದ ನಿನ್ನ ಎಲೆಯೇ ಕಾಣಲಿಲ್ಲ. ಜೀವ ಬಾಯಿಗೆ ಬಂತು ಅಜ್ಜೀ,” ಎಂದಿತು ಕಾಗೆ.

“ದಾರಿಯಲ್ಲಿ ನೀವು ಓದುತ್ತಿದ್ದಿರಾ?”

“ದಿನವೂ. ಓದಿದ ಮೇಲೆಯೇ ನಮಗೆ ತಿಂಡಿ.”

“ಇನ್ನೊಬ್ಬರ ಓಲೆ ಓದಲು ನಾಚಿಕೆಯಾಗಲಿಲ್ಲವೇ?” ಎಂದು ಗದರಿದ ಅಜ್ಜಿ, ಒಣಗಿದ ಎಲೆಯನ್ನು ಮೆಲ್ಲನೆ ಕಾಗೆಯ ಮುಂದಕ್ಕೆ ತಳ್ಳಿದಳು.

ಕಾಗೆ ಬಾವಿಕಟ್ಟೆಯ ಮೇಲೆ ಎಲೆಯನ್ನಿಟ್ಟು, ಊರಿಗೆಲ್ಲ ಕೇಳುವಂತೆ “ನಿನ್ನ ತಂಗಿ ಇದ್ದಾಳೆ!” ಎಂದು ಕೂಗಿತು. ಕೆಳಗೆ, ಎರಡು ದಿನದಿಂದ ಚಿಪ್ಪಿನೊಳಗೇ ಇದ್ದ ಅಕ್ಕ ತಲೆ ಹೊರಗೆ ಹಾಕಿದಳು.