ಹೋಗಿಬರೋಣ ಎಂದ ಗಾಳಿ

ಕೆರಿಬಿಯನ್ ಕಡಲತೀರದಲ್ಲಿ, ಹಲಗೆಯ ಮೇಲೆ ನಿಂತ ಸವಾರರನ್ನು ಅಲೆಗಳ ಮೇಲೆ ಎಳೆದಾಡುವ ಗಾಳಿಪಟವೊಂದು ಗಾಳಿಯಿಲ್ಲದೆ ಮೂರು ದಿನ ಸುಮ್ಮನೆ ಬಿದ್ದಿತ್ತು. ನಾಲ್ಕನೆಯ ಬೆಳಿಗ್ಗೆ ತೆಂಗಿನ ಮರಗಳ ಕಡೆಯಿಂದ ಗಾಳಿ ಬಂದು, "ಏಳಮ್ಮ, ಕಡಲು ಕನ್ನಡಿಯ ಹಾಗಿದೆ, ಹೋಗಿಬರೋಣ" ಎಂದಿತು. ಗಾಳಿಪಟ ಹಿಗ್ಗಿ ಅರ್ಧ ಎದ್ದೇಬಿಟ್ಟಿತು.

ಬಂಡೆಯ ಮೇಲಿದ್ದ ಮುದಿ ಪೆಲಿಕನ್ ಹಕ್ಕಿ ಕೊಕ್ಕೆತ್ತಿತು. "ಹೋಗೋದು ಸರಿ ತಂಗಿ, ಈ ಗಾಳಿ ಬೀಸೋದು ಕಡಲಿನ ಕಡೆಗೆ. ವಾಪಸು ಕರ್ಕೊಂಡು ಬರೋರು ಯಾರು ಅಂತ ಕೇಳಿದ್ಯಾ?"

ಗಾಳಿಪಟ ಕೇಳಿತು.

"ಬರೋದೆಲ್ಲ ನನಗೆ ಗೊತ್ತಿಲ್ಲಮ್ಮ" ಎಂದು ಗಾಳಿ ನಕ್ಕಿತು. "ಬರೀ ಹೋಗೋಣ ಅಂದ್ರೆ ಅಪಶಕುನ ಅಲ್ವಾ? ಅದಕ್ಕೇ ಬರೋಣ ಅಂತ ಸೇರಿಸಿದೆ."

ಗಾಳಿಪಟ ಬೆಚ್ಚನೆಯ ಮರಳಿನ ಮೇಲೆ ಮತ್ತೆ ಹಾಯಾಗಿ ಮೈಚೆಲ್ಲಿತು. "ಹಾಗಾದ್ರೆ ನೀನು ಹೋಗಪ್ಪ" ಎಂದಿತು.